ನಮ್ಮ ಒಲೆಯಿಂದ ಅಳೆದ ಊರು

ನಮ್ಮೂರಲ್ಲಿ ಹೊಸ ಹಾಸು ಬೀಳುವ ದಿನ ಶಾಲೆ ಮೂರು ಗಂಟೆಗೇ ಬಿಡುತ್ತದೆ. ನಾಲ್ಕಕ್ಕೆ ಚಾವಡಿಯ ಗಂಟೆ ಬಾರಿಸುವಷ್ಟರಲ್ಲಿ ಎಲ್ಲರೂ ಯಾವುದಾದರೂ ಒಂದು ಸೂರಿನ ಕೆಳಗಿರಬೇಕು. ತಮ್ಮದೇ ಮನೆಯಾಗಬೇಕೆಂದೇನಿಲ್ಲ, ಯಾರ ಹೊಸಿಲು ದಾಟಿದ್ದರೂ ಸರಿ. ಕೂಸುಗಳನ್ನು ಎತ್ತಿಕೊಂಡು, ಒಣಹಾಕಿದ ಸಂಡಿಗೆಯನ್ನು ಹಾಗೇ ಬಿಟ್ಟು ಒಳಗೆ ಓಡುತ್ತೇವೆ. ಗಂಟೆ ನಿಂತ ಮೇಲೆ ಬಾಗಿಲು ತೆರೆದರೆ ಬೀದಿ ನೋಡುವುದಕ್ಕೆ ಮೊದಲಿನ ಹಾಗೆಯೇ ಇರುತ್ತದೆ. ಆದರೆ ನಿನ್ನೆ ಇಪ್ಪತ್ತು ಹೆಜ್ಜೆಗೆ ಸಿಗುತ್ತಿದ್ದ ಅಂಗಡಿ ಇವತ್ತು ಮೂವತ್ತು ಹೆಜ್ಜೆಗೆ ಸಿಗಬಹುದು, ಹದಿನೆಂಟಕ್ಕೂ ಸಿಗಬಹುದು. ಎರಡು ದಿನ ಕಾಲು ತಡಕಾಡುತ್ತದೆ, ಹೊಸ ಮೆಟ್ಟು ಹಾಕಿಕೊಂಡ ಹಾಗೆ. ಆಮೇಲೆ ರೂಢಿಯಾಗುತ್ತದೆ.

ಹಾಸು ಅಂದರೆ ನಕ್ಷೆ. ಚಾವಡಿಯ ಗೋಡೆಗೆ ಯಾವ ನಕ್ಷೆ ಹಾಸಿದೆಯೋ ನಮ್ಮ ಕಾಲು ಅದರ ಮಾತು ಕೇಳುತ್ತದೆ. ಕಣ್ಣು ಕೇಳುವುದಿಲ್ಲ, ಕಿವಿ ಕೇಳುವುದಿಲ್ಲ, ಎಸೆದ ಕಲ್ಲೂ ಕೇಳುವುದಿಲ್ಲ. ಕಾಲು ಮಾತ್ರ. ಉಪ್ಪಿನ ಗದ್ದೆಗಳ ಅಂಚು ಸರಿಯುತ್ತಲೇ ಇರುವುದರಿಂದ ಮೂರು ತಿಂಗಳಿಗೊಂದು ಹೊಸ ನಕ್ಷೆ ಬೇಕಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತಯಾರು ಮಾಡುವ ಕೆಲಸ ಒಂಬತ್ತು ವರ್ಷದಿಂದ ನನ್ನದು.

ನಮ್ಮೂರ ನೆಲದ ಬೆನ್ನು ಬೇರೆ ಊರುಗಳಿಗಿಂತ ಉಬ್ಬು. ಉಬ್ಬಿದ್ದನ್ನು ಕಾಗದದ ಮೇಲೆ ಚಪ್ಪಟೆ ಮಾಡುವುದೆಂದರೆ ಹೊಲಿದ ರವಿಕೆಯನ್ನು ಹಲಗೆಯ ಮೇಲಿಟ್ಟು ಇಸ್ತ್ರಿ ಮಾಡಿದ ಹಾಗೆ. ತೋಳು ನೆಟ್ಟಗಾದರೆ ಎದೆ ಮುದುರುತ್ತದೆ, ಎದೆ ಸರಿಮಾಡಿದರೆ ಕಂಕುಳು ಎಳೆಯುತ್ತದೆ. ನನ್ನ ಸಾಫ್ಟ್‌ವೇರಿನಲ್ಲಿ ಇಪ್ಪತ್ತಾರು ಬಗೆಯ ಪ್ರೊಜೆಕ್ಷನ್‌ಗಳ, ಅಂದರೆ ಹೀಗೆ ಚಪ್ಪಟೆ ಮಾಡುವ ವಿಧಾನಗಳ, ಪಟ್ಟಿಯಿದೆ. ಒಂದರಲ್ಲಿ ಆಕಾರ ಸರಿ, ದೂರ ಸುಳ್ಳು. ಒಂದರಲ್ಲಿ ವಿಸ್ತೀರ್ಣ ಸರಿ, ದಾರಿಗಳೆಲ್ಲ ಸೊಟ್ಟ. ದೂರ ಸರಿ ಬರಬೇಕೆಂದರೆ ಒಂದು ನಡುಬಿಂದು ನೆಟ್ಟು, ಅಲ್ಲಿಂದ ಎಲ್ಲ ದಿಕ್ಕಿಗೂ ದಾರ ಎಳೆದ ಹಾಗೆ ಊರನ್ನು ಹಾಸಬೇಕು. ಆ ಬಿಂದುವಿನಿಂದ ನೇರವಾಗಿ ಎಲ್ಲಿಗೆ ಹೋದರೂ ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಮ್ಮಿಯಿಲ್ಲ. ಆದರೆ ಆ ದಾರಗಳಿಗೆ ಅಡ್ಡವಾಗಿ ನಡೆದರೆ ನೆಲ ಹಿಗ್ಗುತ್ತದೆ, ಅಂಚಿಗೆ ಹೋದಷ್ಟೂ ಹೆಚ್ಚು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಆ ಬಿಂದು ಚಾವಡಿಯ ಮುಂದಿನ ಬಾವುಟದ ಕಂಬ. ನಡುಬಿಂದು ಸಾರ್ವಜನಿಕ ಜಾಗದಲ್ಲೇ ಇರತಕ್ಕದ್ದು ಎಂದು ನಿಯಮವಿದೆ.

ಗಂಟೆಯ ಹೊತ್ತಿಗೆ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಮಾತ್ರ ಆ ಹಿಗ್ಗು ಮುಗಿಯುವುದೇ ಇಲ್ಲ. ನಮ್ಮ ಹಿಂದಿನ ಓಣಿಯ ಹೊನ್ನಕ್ಕನ ಗಂಡ ಕೆಂಚಪ್ಪ ಹಾಗೆ ಸಿಕ್ಕಿಕೊಂಡವನು. ಹನ್ನೊಂದು ವರ್ಷದ ಹಿಂದೆ ಗಿರಣಿಯಿಂದ ಹಿಟ್ಟಿನ ಡಬ್ಬ ಹೊತ್ತುಕೊಂಡು ಬರುತ್ತಿದ್ದ, ಗಿರಣಿಯಲ್ಲಿ ಸಾಲು ಉದ್ದವಿತ್ತಂತೆ, ಗಂಟೆ ಬಾರಿಸಿತು. ಅವತ್ತಿನಿಂದ ಪಡುವಣ ಬದುವಿನ ಮೇಲೆ ನಡೆಯುತ್ತಲೇ ಇದ್ದಾನೆ. ಯಾರ ಮಹಡಿಯ ಮೇಲೆ ನಿಂತರೂ ಕಾಣುತ್ತಾನೆ. ಹೆಗಲ ಮೇಲೆ ಡಬ್ಬ, ಮುಖ ಮನೆಯ ಕಡೆಗೆ, ಕಾಲು ಒಂದಾದ ಮೇಲೊಂದು. ಇಷ್ಟು ವರ್ಷದಲ್ಲಿ ಒಂದು ಜಗುಲಿಯ ಉದ್ದದಷ್ಟು ಹತ್ತಿರ ಬಂದಿರಬಹುದು. ಹೊನ್ನಕ್ಕ ಅವನ ಬಳಿಗೆ ಹೋಗಲೆಂದು ಅದೇ ಬದು ಹಿಡಿದು ಎರಡು ದಿನ ನಡೆದು, ಅವನ ನೆರಳೂ ಮುಟ್ಟದೆ ವಾಪಸು ಬಂದಳಂತೆ. ಅವನ ಕಡೆಗೆ ಹೊರಟವರ ಕಾಲಿಗೂ ಅವನದೇ ಅಳತೆ ಅಂಟಿಕೊಳ್ಳುತ್ತದೆ. ಹಾಗಾಗಿ ಅವಳು ಕವಣೆ ಕಲಿತಳು. ದಿನಾ ಮಧ್ಯಾಹ್ನ ಎರಡು ರೊಟ್ಟಿ, ಚಟ್ನಿ, ಒಂದು ಈರುಳ್ಳಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಬೀಸುತ್ತಾಳೆ. ಅವನು ನಡೆಯುತ್ತಲೇ ಕೈಚಾಚಿ ಹಿಡಿಯುತ್ತಾನೆ. ಒಮ್ಮೆಯೂ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಉಪ್ಪಿನ ಬಯಲಲ್ಲಿ ಮಾತು ಚೆನ್ನಾಗಿ ಹರಿಯುವುದರಿಂದ ಗಂಡಹೆಂಡತಿ ಜಗಳವನ್ನೂ ಆಡುತ್ತಾರೆ. "ಉಪ್ಪು ಜಾಸ್ತಿ ಕಣೇ" ಎಂದು ಅವನು ಕೂಗಿದರೆ, "ಬಂದು ನೀವೇ ಬಡಕೊಳ್ಳಿ" ಎಂದು ಇವಳು.

ಪ್ರತಿ ಸಲ ಹೊಸ ಹಾಸು ಬೀಳುವ ಮೊದಲು ಹೊನ್ನಕ್ಕ ಒಂದು ಅರ್ಜಿ ಕೊಡುತ್ತಿದ್ದಳು. ನಡುಬಿಂದುವನ್ನು ಒಂದು ದಿನದ ಮಟ್ಟಿಗೆ ತನ್ನ ಮನೆಯಲ್ಲಿಡಬೇಕು, ಆಗ ಗಂಡನಿಗೂ ಮನೆಗೂ ನಡುವಿನ ದೂರ ಸರಿಹೋಗುತ್ತದೆ ಎಂದು. ನಿಯಮ ಒಪ್ಪುವುದಿಲ್ಲ ಎಂದು ನಾನೇ ಉತ್ತರ ಟೈಪು ಮಾಡುತ್ತಿದ್ದೆ. ಈ ಸಲವೂ ಅರ್ಜಿ ಕೊಡುವಾಗ ಕಿಟಕಿಯಿಂದ ಬಗ್ಗಿ, "ಏನ್ ಕಂಪೂಟ್ರಮ್ಮ, ಇದಾದ್ರೂ ನಿಮ್ ಪೆಟ್ಟಿಗೆ ಒಳಗ್ ಹೋಗುತ್ತೋ, ಇಲ್ಲ ಹಪ್ಪಳ ಕಟ್ಟಕ್ ಹೋಗುತ್ತೋ?" ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ನನ್ನ ಮಗಳು ತನುಜಾಗೆ ಎಂಟು ವರ್ಷ. ಶಾಲೆ ಮೂಡಣ ಅಂಚಿನಲ್ಲಿದೆ. ಕಂಬದಿಂದ ಅಳೆದ ಹಾಸಿನಲ್ಲಿ ನಮ್ಮ ಮನೆಯಿಂದ ಶಾಲೆಗೆ ಹೋಗುವುದೆಂದರೆ ಪೂರ್ತಿ ಅಡ್ಡ ನಡಿಗೆ. ನೋಡಿದರೆ ಸಾವಿರದ ನೂರು ಹೆಜ್ಜೆ, ನಡೆದರೆ ಮೂರು ಸಾವಿರ. ಸಂಜೆ ಬಂದು ಜಗುಲಿಯ ಮೇಲೆ ಕಾಲು ನೀಡಿ ಕೂತರೆ ಪಾದ ಊದಿಕೊಂಡಿರುತ್ತಿತ್ತು. ಬಿಸಿನೀರಿನಲ್ಲಿ ಇಟ್ಟು ತಿಕ್ಕುವಾಗ, "ಅಮ್ಮ, ರುಬೀನಾ ಮನೆ ಎಷ್ಟ್ ಹತ್ರ ಗೊತ್ತಾ ಶಾಲೆಗೆ! ನಾನು ಅವ್ರ ಮನೇಲೇ ಇರ್ತೀನಿ" ಎನ್ನುತ್ತಿದ್ದಳು. ನಮ್ಮವರು ಉಪ್ಪಿನ ಗಾಡಿಗಳ ಜೊತೆ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಹೊತ್ತುಕೊಂಡು ಬರುವವರು ಯಾರು?

ಬಿಂದುವಿನ ಜಾಗವನ್ನು ಹೇಳುವುದು ಎರಡು ಸಾಲು ಅಂಕಿಗಳು. ಈ ಸಲ ಹಾಸು ಬೀಳುವ ದಿನ ಬೆಳಿಗ್ಗೆ ನಾನು ಪ್ರತಿ ಸಾಲಿನ ಕೊನೆಯ ಎರಡು ಅಂಕಿ ಬದಲಿಸಿದೆ. ಬಿಂದು ಕಂಬವನ್ನು ಬಿಟ್ಟು ನಮ್ಮ ಅಡುಗೆಮನೆಯ ಒಲೆಯ ಮೇಲೆ ಬಂದು ಕೂತಿತು. ಮನೆಯಿಂದ ಶಾಲೆಗೆ ಎಷ್ಟೆಂದು ಕೇಳಿದೆ, ಸಾವಿರದ ನೂರು ಎಂದಿತು. ಮನೆಯಿಂದ ಅಂಗಡಿಗೆ, ಬಾವಿಗೆ, ಚಾವಡಿಗೆ ಕೇಳಿದೆ. ಎಲ್ಲ ಸರಿ, ತಪ್ಪು ಸೊನ್ನೆ. ಎಂಥ ಸಂತೋಷವಾಯಿತು ಅಂದರೆ, ಬೇರೆ ಎರಡು ಜಾಗಗಳ ನಡುವಿನ ದೂರವನ್ನು ಒಂದು ಸಲವೂ ಕೇಳಲಿಲ್ಲ. ಮನೆ ನಡೆಸುವ ಹೆಂಗಸಿಗೆ ಎಲ್ಲ ದಾರಿಯೂ ಮನೆಯಿಂದಲೇ ಹೊರಡುತ್ತದೆ. ಚಾವಡಿಯ ಮೇಲಧಿಕಾರಿ ಶಂಭುರಾಯರು ಕನ್ನಡಕ ಹುಡುಕುತ್ತಲೇ ಸಹಿ ಹಾಕಿದರು.

ನಾಲ್ಕಕ್ಕೆ ಗಂಟೆ ಬಾರಿಸಿತು. ಹೊಸ ಹಾಸನ್ನು ಗೋಡೆಗೆ ಏರಿಸಿ ನಾನು ಮನೆಗೆ ಹೊರಟೆ. ಖುಷಿಗೋ ಏನೋ, ದಾರಿ ಅವತ್ತು ಅಂಗೈಯಲ್ಲಿದ್ದಂತೆ ಮುಗಿಯಿತು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ಮೂರೂಮುಕ್ಕಾಲಿಗೆ ಮೊದಲೇ ಬಂದು ಪಕ್ಕದ ಮನೆಯಿಂದ ಕೀಲಿ ತೆಗೆದುಕೊಳ್ಳಬೇಕಾಗಿದ್ದವಳು ಬಂದಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತಿದೆ.

ಗದ್ದೆಯಾಚೆ, ಸುಣ್ಣ ಸುಡುವ ಗೂಡಿಗೆ ಹೋಗುವ ಬದುವಿನ ಮೇಲೆ ನೀಲಿ ಲಂಗ ಕಂಡಿತು. ಇನ್ನೂರು ಹೆಜ್ಜೆಯೂ ಇರಲಿಲ್ಲ. ಎರಡು ಜಡೆ, ಬೆನ್ನಿಗೆ ಚೀಲ, ಕಾಲು ಒಂದಾದ ಮೇಲೊಂದು. ಸುಣ್ಣದ ಗೂಡು ಅವಳ ಮುಂದೆ ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ ಉಳಿದಿತ್ತು. ನಾನು ಅವಳ ಹೆಜ್ಜೆಗಳನ್ನು ಎಣಿಸಿದೆ. ಅರವತ್ತು ಎಣಿಸಿದರೂ ಗೂಡು ಕದಲಲಿಲ್ಲ.

"ತನೂ!" ಎಂದೆ. ಕೂಗಬೇಕಾಗಿಯೂ ಇರಲಿಲ್ಲ.

"ಅಮ್ಮಾ, ನಾನು ಬರ್ತಾನೇ ಇದೀನಿ!" ಎಂದಳು. ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಹತ್ತಿರದ ದನಿ. "ರುಬೀನಾ ಮನೇಲಿ ಆಡು ಮರಿ ಹಾಕಿತ್ತು, ನೋಡ್ಕೊಂಡ್ ಹೊರಟೆ. ಗಂಟೆ ಹೊಡೀತು. ಬಯ್ಯಬೇಡ."

"ಬಯ್ಯಲ್ಲ ಪುಟ್ಟಿ. ನಡೀಬೇಡ. ಅಲ್ಲೇ ಕೂತ್ಕೋ."

ರುಬೀನಾಳ ಮನೆಯಿಂದ ನಮ್ಮ ಮನೆಗೆ ಬರುವ ದಾರಿ ಮೊದಲು ಆ ಬದುವಿನ ಮೇಲೆ ಅಡ್ಡಲಾಗಿ ಸಾಗಿ ಆಮೇಲೆ ಊರಿನ ಕಡೆ ತಿರುಗುತ್ತದೆ. ನನ್ನ ಹಾಸಿನಲ್ಲಿ ಅಡ್ಡ ಎನ್ನುವುದು ಎಷ್ಟು ಹಿಗ್ಗಿದೆಯೋ ನನಗೇ ಗೊತ್ತಿರಲಿಲ್ಲ. ಮಹಡಿಯ ಕಟ್ಟೆ ಹಿಡಿದುಕೊಂಡೆ.

ಹಿಂದಿನ ಓಣಿಯಲ್ಲಿ ಹೊನ್ನಕ್ಕ ತನ್ನ ಮಾಡಿನ ಮೇಲೆ ಬಂದು ನಿಂತಿದ್ದಳು. ಅವಳ ಮನೆ ನಮಗೂ ಉಪ್ಪಿನ ಗದ್ದೆಗೂ ನಡುವೆ. ಒಂದು ಸಲ ಮಗುವನ್ನು, ಒಂದು ಸಲ ನನ್ನನ್ನು ನೋಡಿದಳು. ಒಳಗೆ ಹೋಗಿ ಕವಣೆ ತಂದಳು. ಎರಡು ಬಾಳೆಹಣ್ಣು, ಒಂದು ಸಣ್ಣ ಶೀಶೆ ನೀರನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಬೀಸಿದಳು. ಗಂಟು ಬಿಳಿ ಬಯಲಿನ ಮೇಲೆ ಹಾರಿ ತನುಜಾಳ ಮಡಿಲ ಪಕ್ಕದಲ್ಲೇ ಬಿತ್ತು.

"ಸಣ್ಣ ಸಣ್ಣ ಗುಟುಕು ಕುಡಿ ಮಗಾ, ಒಂದೇ ಸಲ ಖಾಲಿ ಮಾಡಬ್ಯಾಡ" ಎಂದು ಕೂಗಿ, ನನ್ನ ಕಡೆ ತಿರುಗಿ, "ಮೂರು ದಿನ ಅಳ್ತೀಯ. ಆಮೇಲೆ ಏನೇನ್ ಕಟ್ಟಿ ಎಸೀಬೋದು ಅಂತ ಯೋಚನೆ ಮಾಡಕ್ ಶುರು ಮಾಡ್ತೀಯ. ಅಂಬಲಿ ಎಸೀಬ್ಯಾಡ, ಚೆಲ್ಲುತ್ತೆ. ನಾನ್ ಹೇಳ್ಕೊಡ್ತೀನಿ" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಬದುವಿನ ಮೇಲಿಂದ ತನುಜಾ, "ಅಮ್ಮಾ, ಇಲ್ಲೊಬ್ರು ಅಜ್ಜಿ ಯಾರ್ ಮಗು ನೀನು ಅಂತ ಕೇಳ್ತಿದಾರೆ. ಏನ್ ಹೇಳ್ಲಿ?" ಎಂದಳು.

ಬದುವಿನ ಮೇಲೆ ಅವಳೊಬ್ಬಳೇ ಇದ್ದಳು. "ಯಾವ ಅಜ್ಜಿ?"

"ಕಾಣಲ್ಲ, ದೂರ ಇದಾರೆ. ಚಾವಡಿ ಪಕ್ಕದ್ ಬಾವೀಲಿ ನೀರು ಬಂತಾ ಅಂತಾನೂ ಕೇಳ್ತಿದಾರೆ."

ಚಾವಡಿಯ ಪಕ್ಕದಲ್ಲಿ ಬಾವಿಯಿಲ್ಲ. ನನ್ನ ಅಜ್ಜಿಯ ಕಾಲಕ್ಕೇ ಅದನ್ನು ಮುಚ್ಚಿ ಕಟ್ಟೆ ಕಟ್ಟಿದ್ದರು. ಹೊನ್ನಕ್ಕ ನನ್ನನ್ನು ನೋಡಿದಳು.

ನಾನು ಕಣ್ಣು ಮುಚ್ಚಿಕೊಂಡು ಕಂಪ್ಯೂಟರಿನ ಪರದೆಯನ್ನು ನೆನಪಿಗೆ ತಂದುಕೊಂಡೆ. ಒಲೆಯ ಮೇಲೆ ಬಿಂದು. ಅದರಿಂದ ಸುತ್ತಲೂ ಕಿರಣಗಳಂತೆ ಗೆರೆಗಳು. ಆ ಗೆರೆಗಳ ಮೇಲೆ ಒಂದು ಹೆಜ್ಜೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸಿಕ್ಕಿಬಿದ್ದವರಿಗೆ ಮುಗಿಯದಿರುವುದು ಹಿಗ್ಗು. ಗೆರೆಯ ಉದ್ದಕ್ಕೆ ಹಿಗ್ಗೇ ಇಲ್ಲವಲ್ಲ. ಹಾಗಾದರೆ ನನ್ನ ಒಲೆಯಿಂದ ಮಗುವಿನವರೆಗೆ, ಮನೆ ಬರಲಿ, ಗದ್ದೆ ಬರಲಿ, ಎಲ್ಲೂ ತಿರುಗದೆ ನೇರವಾಗಿ ನಡೆದರೆ?

"ಹೊನ್ನಕ್ಕ, ಹುರಿ ಇದೆಯಾ? ಚೀಲ ಹೊಲಿಯೋದು?"

"ನಾನೂ ಹುರಿ ಎಸೆದ್ ನೋಡಿದೀನಿ ಕಣೇ. ನಮ್ಮೋರು ಹಿಡ್ಕೊಂಡ್ ನಡೆದ್ರು. ಹುರಿ ಮುಗೀಲಿಲ್ಲ, ಅವ್ರೂ ಬರ್ಲಿಲ್ಲ."

"ನಿಮ್ಮ ಮನೆಯಿಂದಲ್ಲ. ನಮ್ಮ ಮನೆಯಿಂದ."

"ನಿಮ್ ಮನೇದೇನು ದೊಡ್ಡಸ್ತಿಕೆ?"

ಹೇಳದೆ ಬೇರೆ ದಾರಿಯಿರಲಿಲ್ಲ. "ನಡುಬಿಂದು ಕಂಬದ ಹತ್ರ ಇಲ್ಲ ಹೊನ್ನಕ್ಕ. ಇವತ್ತು ಬೆಳಿಗ್ಗೆ ನಮ್ಮ ಒಲೆ ಮೇಲೆ ಇಟ್ಟುಬಿಟ್ಟೆ. ತನೂ ಕಾಲು ಊದುತ್ತಿತ್ತು."

ಪಡುವಣ ಬದುವಿನ ಮೇಲೆ ಕೆಂಚಪ್ಪ ನಡೆಯುತ್ತಿದ್ದ. ಹೊನ್ನಕ್ಕ ಆ ಕಡೆ ನೋಡಲಿಲ್ಲ. "ನಲವತ್ಮೂರ್ ಅರ್ಜಿ ಕೊಟ್ಟೆ" ಎಂದಳು. ಅಷ್ಟೇ. ಮಾಡಿನಿಂದ ಇಳಿದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಎರಡು ನಿಮಿಷಕ್ಕೆ ಹುರಿಯ ದೊಡ್ಡ ಉಂಡೆ ಹಿಡಿದು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಳು.

ಒಲೆಯ ನೇರ ಮೇಲಿನ ಹೊಗೆಗಿಂಡಿಯ ಪಕ್ಕದಲ್ಲಿ ನಿಂತು, ಹುರಿಯ ತುದಿಗೆ ಕಲ್ಲು ಕಟ್ಟಿ ಬೀಸಿದಳು. ಹುರಿ ಓಣಿಯನ್ನು ದಾಟಿ, ಅವಳದೇ ಮಾಡಿನ ಮೇಲೆ ಹಾದು, ಗದ್ದೆಯ ಆಚೆ ಬದುವಿಗೆ ಬಿತ್ತು. ತನುಜಾ ಹಿಡಿದುಕೊಂಡಳು. ಈ ತುದಿಯನ್ನು ನಾವು ಗಿಂಡಿಯಿಂದ ಇಳಿಸಿ ಒಲೆಯ ಕಲ್ಲಿಗೆ ಬಿಗಿದೆವು. ಹುರಿ ಒಂದು ಗೆರೆಯಾಯಿತು.

"ನಮ್ ಅಡುಗೆಮನೆ ಗೋಡೆ ಮೇಲ್ ಹೋಗ್ತದೆ" ಎಂದಳು ಹೊನ್ನಕ್ಕ. "ಅಲ್ಲಿ ಬಾಗ್ಲಿಲ್ಲ."

"ಪಕ್ಕದಿಂದ ಸುತ್ತಿ ಹೋದ್ರೆ ಅಡ್ಡ ನಡೆದಂಗಾಗುತ್ತೆ. ಮಗು ಹತ್ರ ಹೊರಟ ಕಾಲು..."

"ಗೊತ್ತು ಬಿಡು. ನಂಗ್ ಹೇಳ್ಕೊಡ್ಬ್ಯಾಡ." ಹಾರೆ ಕೈಗೆತ್ತಿಕೊಂಡವಳು ಅವಳೇ. ತನ್ನ ಮನೆಯ ಪಾತ್ರೆಯ ಹಲಗೆ ಸರಿಸಿ, ಮಣ್ಣಿನ ಗೋಡೆಗೆ ಒಂದೊಂದೇ ಏಟು ಹಾಕಿದಳು. ಪ್ರತಿ ಏಟಿಗೂ ಏನೋ ಬೈಯುತ್ತಿದ್ದಳು. ನನ್ನನ್ನೋ, ಚಾವಡಿಯನ್ನೋ, ಗಿರಣಿಯವನನ್ನೋ ತಿಳಿಯಲಿಲ್ಲ. ನಾನು ಕೈಯಿಂದಲೇ ಮಣ್ಣು ಬಾಚಿದೆ. ಒಬ್ಬರು ತೂರುವಷ್ಟು ಬೆಳಕು ಬಂತು.

ಮಾಡಿನ ಮೇಲಿದ್ದ ಹುರಿಯನ್ನು ಇಳಿಸಿ, ಆ ತೂತಿನ ಮೂಲಕ ತಂದು ಮತ್ತೆ ನಮ್ಮ ಒಲೆಯ ಕಲ್ಲಿಗೇ ಬಿಗಿದೆವು. ಅಲ್ಲಿಂದ ಹುರಿಯನ್ನು ಎಡಗೈಯಲ್ಲಿ ಹಿಡಿದು ಹೊರಟೆ. ಹಿತ್ತಿಲ ಬಾಗಿಲು, ಓಣಿ, ಹೊನ್ನಕ್ಕನ ಹೊಸಿಲು, ಅವಳ ಅಡುಗೆಮನೆ, ಗೋಡೆಯ ತೂತು. ಆಮೇಲೆ ಉಪ್ಪುನೀರಿನ ಗದ್ದೆ. ಮೊಣಕಾಲ ತನಕ ಕೆಸರು. ನಡುವೆ ಒಂದು ಕಡೆ ಕಾಲು ಜಾರಿ ಅರ್ಧ ಹೆಜ್ಜೆ ಬಲಕ್ಕೆ ಬಿತ್ತು, ಹುರಿ ಕೈತಪ್ಪಿತು. ಆ ಅರ್ಧ ಹೆಜ್ಜೆಯನ್ನು ವಾಪಸು ಇಡುವುದಕ್ಕೆ ನಾನು ಎಷ್ಟು ನಡೆದೆ ಎಂದು ಹೇಳಲಾರೆ. ಹುರಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು, ನಡೆದೆ, ನಡೆದೆ, ಸೂರ್ಯ ಗೂಡಿನ ಚಿಮಣಿಯಿಂದ ಒಂದು ಮೊಳ ಕೆಳಗಿಳಿದ. ಬೆರಳಿಗೆ ಹುರಿ ಸಿಕ್ಕಾಗ ಮಾತ್ರ ಉಸಿರು ಬಂತು. ಅಲ್ಲಿಂದ ಕಣ್ಣನ್ನು ಹುರಿಯ ಮೇಲಿಂದ ತೆಗೆಯಲಿಲ್ಲ. ನೂರ ಎಂಬತ್ತೆರಡನೆಯ ಹೆಜ್ಜೆಗೆ ನೀಲಿ ಲಂಗ ನನ್ನ ಮುಖಕ್ಕೆ ತಾಗಿತು.

ಅವಳನ್ನು ಸೊಂಟಕ್ಕೆ ಏರಿಸಿಕೊಂಡೆ. ಎಂಟು ವರ್ಷದವಳು, ಭಾರ. ಎದೆಗೆ ಒತ್ತಿದರೂ ಇಷ್ಟು ಹೊತ್ತು ಕೂತಿದ್ದವಳ ಕಾಲುಗಳು ಗಾಳಿಯಲ್ಲಿ ಮತ್ತೆ ನಡೆಯತೊಡಗಿದವು. "ಸಾಕು ಕಂದ, ಸಾಕು" ಎಂದು ಮೊಣಕಾಲು ಹಿಡಿದುಕೊಂಡೆ. ನಮ್ಮ ಒಲೆಯ ಮುಂದೆ ಇಳಿಸುವ ತನಕ ಆ ಕಾಲುಗಳು ನಿಲ್ಲಲಿಲ್ಲ. ಇಳಿಸಿದ ಮೇಲೆ ನಿಂತವು. ಆಮೇಲೆ ಅತ್ತಳು, ನಾನೂ ಅತ್ತೆ. ಬೆಲ್ಲದ ನೀರು ಕುಡಿಸಿದೆ.

ಹೊನ್ನಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಮುಂಗೈ ತುಂಬ ಮಣ್ಣು. ಮೆಲ್ಲಗೆ ಕೇಳಿದಳು, "ವನಮಾಲಾ, ಕಂಬದ ಹತ್ರ ಬಿಂದು ಇತ್ತಲ್ಲ, ಇಷ್ಟ್ ವರ್ಷ?"

ಏನು ಕೇಳುತ್ತಾಳೆಂದು ನನಗೆ ಆಗಲೇ ಗೊತ್ತಾಗಿತ್ತು. ಗದ್ದೆಯಲ್ಲಿ ನಡೆಯುವಾಗಲೇ ಗೊತ್ತಾಗಿತ್ತು.

"ಕಂಬದಿಂದ ನೇರ ಹುರಿ ಎಳೆದಿದ್ರೆ, ಮೊದಲ್ನೇ ದಿನಾನೇ ಬರ್ತಿದ್ರು. ಅಲ್ವಾ?"

"ಹೌದು" ಎಂದೆ.

"ನಮ್ ಮನೇಗ್ ಬರ್ಲಿ, ನಮ್ ಮನೇಗ್ ಬರ್ಲಿ ಅಂತ ಅರ್ಜಿ ಬರ್ದೆ. ಕಂಬಕ್ ಬಂದಿದ್ರೂ ಆಗ್ತಿತ್ತು. ಅಲ್ಲಿಂದ ನಾನ್ ಕೈ ಹಿಡ್ಕೊಂಡ್ ಬರ್ತಿದ್ದೆ."

"ನಿಮಗೆ ಬಿಂದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರ್ಲಿಲ್ಲ ಹೊನ್ನಕ್ಕ. ನನಗೆ ಗೊತ್ತಿತ್ತು. ನಾನು ಯೋಚನೆ ಮಾಡ್ಲಿಲ್ಲ."

ನನ್ನ ಮುಖಕ್ಕೆ ಉಗಿದಿದ್ದರೂ ನಾನು ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹುರಿಯ ಉಂಡೆ ಎತ್ತಿಕೊಂಡಳು. "ಇನ್ನೊಂದ್ ಗಂಟೆ ಬೆಳಕಿದೆ" ಎಂದು ಮಹಡಿ ಹತ್ತಿದಳು. ತನುಜಾಳನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನೂ ಹತ್ತಿದೆ.

"ಏನ್ರೀ, ಇದ್ ಹಿಡ್ಕೊಳಿ!" ಎಂದು ಕೂಗಿ ಹುರಿಯ ತುದಿ ಬೀಸಿದಳು.

"ಮತ್ತೆ ಹುರೀನೇನೇ? ರೊಟ್ಟಿ ಮಧ್ಯಾಹ್ನಾನೇ ಬಂತಲ್ಲ!" ಪಡುವಣ ಬದುವಿನಿಂದ ಕೆಂಚಪ್ಪನ ದನಿ.

"ಬಾಯ್ ಮುಚ್ಕೊಂಡ್ ಹಿಡ್ಕೊಳಿ. ಬದು ಬಿಟ್ ಗದ್ದೆಗ್ ಇಳೀರಿ. ಹುರಿ ಬಿಟ್ ಅತ್ತಿತ್ತ ಹೋದ್ರೆ ಕಾಲ್ ಮುರೀತೀನಿ. ನೇರ ಬನ್ನಿ."

ಈ ತುದಿಯನ್ನು ಗಿಂಡಿಯಿಂದ ಇಳಿಸಿ ಒಲೆಯ ಕಲ್ಲಿಗೆ ಕಟ್ಟಿದೆವು, ಹುರಿ ಬಿಗಿಯಾಯಿತು. ಹನ್ನೊಂದು ವರ್ಷದಿಂದ ಬದುವಿನ ಮೇಲೆ ಒಂದೇ ಕಡೆ ಮುಖ ಮಾಡಿದ್ದವನು ತಿರುಗಿದ. ಒಂದು ಕಾಲು ಗದ್ದೆಗೆ ಇಟ್ಟ. ಇನ್ನೊಂದು ಕಾಲು ಇಟ್ಟ. ಮತ್ತೆ ನೋಡಿದಾಗ ಬದು ಅವನ ಹಿಂದಿತ್ತು. ಹೊನ್ನಕ್ಕನ ತುಟಿ ಹೆಜ್ಜೆಗಳನ್ನು ಎಣಿಸುತ್ತಿತ್ತು.

ಆಗ ತನುಜಾ ನನ್ನ ಗಲ್ಲವನ್ನು ಹಿಡಿದು ತಿರುಗಿಸಿದಳು. "ಅಮ್ಮ, ಅವ್ರೆಲ್ಲ ನೋಡ್ತಿದಾರೆ."

ಬಯಲಿನ ಕೊನೆಯಲ್ಲಿ, ಬಿಳುಪು ಮುಗಿದು ಆಕಾಶ ಶುರುವಾಗುವ ಕಡೆ, ಕರಿ ಗೂಟಗಳ ಒಂದು ಸಾಲಿದೆ. ಹಳೆಯ ಗದ್ದೆಗಳ ಗಡಿಗೂಟ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನಾನು ನಕ್ಷೆಯಲ್ಲೂ ಹಾಗೆಯೇ ಗುರುತು ಹಾಕಿದ್ದೆ. ಆ ಗೂಟಗಳು ತಿರುಗುತ್ತಿದ್ದವು. ಒಂದೊಂದಾಗಿ, ಕೂಗಿಗೆ ತಲೆಯೆತ್ತಿದವರ ಹಾಗೆ, ನಮ್ಮ ಮಹಡಿಯ ಕಡೆಗೆ. ನಾನು ನಲವತ್ತರವರೆಗೆ ಎಣಿಸಿ ಬಿಟ್ಟೆ. ಗಾಳಿಯಿಲ್ಲದ ಆ ಸಂಜೆಯಲ್ಲಿ ದೂರದಿಂದ ಮಾತು ಹರಿದು ಬರತೊಡಗಿತು. ಅರ್ಧ ನಮ್ಮ ಮಾತು, ಅರ್ಧ ಈಗ ಯಾರೂ ಆಡದ ಮಾತು. ಒಬ್ಬ ಮುದುಕಿಯ ದನಿ ಮಾತ್ರ ಸ್ಪಷ್ಟವಾಗಿತ್ತು. "ನಮಗೂ ಒಂದು ಎಳೆ ಎಸಿ ತಾಯಿ."

ಕೆಳಗೆ ಯಾರೋ ಬಾಗಿಲು ಬಡಿದರು. ಚಾವಡಿಯ ಜವಾನ ವೆಂಕೋಬ, ಏದುಸಿರು ಬಿಡುತ್ತ ನಿಂತಿದ್ದ. "ಅಮ್ಮಾವ್ರೇ, ಬೇಗ ಬರ್ಬೇಕಂತೆ. ಉಗ್ರಾಣದ್ ಗಾಡಿ ಒಂದೂ ತಲುಪಿಲ್ಲ, ಬಿಂದು ಎಲ್ಲೋ ಜಾರ್ಬಿಟ್ಟಿದೆ ಅಂತ ರಾಯರು ಬಡ್ಕೋತಿದಾರೆ. ಇವತ್ತೇ ಕಂಬಕ್ ಹಾಕಿ ಇನ್ನೊಂದ್ಸಲ ಗಂಟೆ ಹೊಡೀಬೇಕಂತೆ."

ಗಂಡನಿಗಾಗಿ ಹಿತ್ತಿಲ ಬಾಗಿಲಿಗೆ ಇಳಿದಿದ್ದ ಹೊನ್ನಕ್ಕನ ದನಿ ಎಣಿಸುತ್ತಿತ್ತು. ನೂರ ಅರವತ್ತು, ನೂರ ಅರವತ್ತೊಂದು. ಈಗ ಗಂಟೆ ಹೊಡೆದರೆ ಗದ್ದೆಯ ನಡುವೆ ಅವನು ಮತ್ತೆ ಸಿಕ್ಕಿಬೀಳುತ್ತಾನೆ. ನಾನು ಅಟ್ಟದ ಮೇಲಿನ ದೊಡ್ಡ ತಪ್ಪಲೆಯನ್ನು ಇಳಿಸಿ, ನೀರು ಹಾಕಿ, ಒಲೆಗೆ ಇನ್ನೆರಡು ಸೌದೆ ಒಟ್ಟಿದೆ. ಅಕ್ಕಿ ಡಬ್ಬದಲ್ಲಿ ಪಾವು ಇಟ್ಟು ಅಳೆಯಲು ಹೋಗಿ ಬಿಟ್ಟೆ, ಡಬ್ಬವನ್ನೇ ಬೋರಲು ಹಾಕಿದೆ.

"ವೆಂಕೋಬಣ್ಣ, ರಾಯರಿಗೆ ಹೇಳಿ" ಎಂದೆ. "ಒಲೆ ಮೇಲೆ ಅನ್ನ ಇಟ್ಟಿದೀನಿ, ಬರೋಕಾಗಲ್ಲ. ಮನೇಲಿ ಎಷ್ಟು ಹುರಿ ಇದ್ರೂ ಕೊಟ್ಟು ಕಳಿಸಿ ಅಂತ ಎಲ್ಲರಿಗೂ ಹೇಳ್ತಾ ಹೋಗಿ."